ನಾಲಿಗೆಯ ಮೇಲಿನ ಕಬ್ಬಿಣ

ಫೆಬ್ರವರಿ ೧೧

ಮಗಳೇ,

ಫೋನಿನಲ್ಲಿ ನಾನು ಮಾತಾಡುವುದಿಲ್ಲ, ಬರೀ ಬೈಯುತ್ತೇನೆ ಎಂದು ಹೋದ ವರ್ಷ ಫೋನು ಕುಕ್ಕಿದವಳು ನೀನು. "ಏನಾದ್ರೂ ಹೇಳೋದಿದ್ರೆ ಬರೆದು ಕಳಿಸಿ, ಬರೆಯೋಕೆ ಕೂತ್ರೆ ಅರ್ಧ ಬೈಗುಳ ಕೈನೋವಿಗೇ ಉದುರಿ ಹೋಗುತ್ತೆ" ಅಂದೆ. ಸರಿ, ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ. ಓದಲು ಬಾರದಿದ್ದರೆ ನಿನ್ನ ಬಸ್ಸಿಗೆ ಯಾರಾದರೂ ಕಲಿತವರು ಹತ್ತಿದಾಗ ಓದಿಸಿಕೋ.

ಬರೆಯಲು ಹೇಳಿದ್ದು ನಿನ್ನಮ್ಮ. ನನಗೇನೂ ತುರ್ತಿರಲಿಲ್ಲ.

ಹೋದ ತಿಂಗಳು ದವಡೆ ಹಲ್ಲಿನಲ್ಲಿ ಕೀವು ತುಂಬಿ ಮುಖ ಒಂದು ಕಡೆ ಬನ್ನಿನ ಹಾಗೆ ಊದಿತ್ತು. ಹಲ್ಲಿನ ಡಾಕ್ಟರು ಕಿತ್ತು, ಕೀವು ಆರಲು ಮಾತ್ರೆ ಕೊಟ್ಟರು. ಹಲ್ಲಿನ ಕಾಟ ಹೋಯಿತು. ಅದು ಹೋದ ಸ್ವಲ್ಪ ದಿನಕ್ಕೆ ಹೊಟ್ಟೆ ಕೆಟ್ಟಿತು. ಕೆಟ್ಟಿತು ಅಂದರೆ ಹೇಗೆ ಎಂದು ಬರೆದರೆ ನಿನಗೆ ಊಟ ಸೇರುವುದಿಲ್ಲ. ಕಕ್ಕಸಿನ ಬಾಗಿಲ ಹತ್ತಿರ ಒಂದು ಸ್ಟೂಲು ಹಾಕಿಕೊಂಡಿದ್ದೇನೆ, ಅಷ್ಟು ತಿಳಿದುಕೋ. ನಿನ್ನಮ್ಮ ಡಾಕ್ಟರ ಹತ್ತಿರ ಹೋಗಿ ಅನ್ನುತ್ತಾಳೆ. ಹೊಟ್ಟೆ ಕೆಟ್ಟವರೆಲ್ಲ ಡಾಕ್ಟರ ಹತ್ತಿರ ಓಡಿದರೆ ಊರಲ್ಲಿ ಕೆಲಸ ಮಾಡುವವರು ಯಾರು? ಮುಂದಿನ ತಿಂಗಳು ಕಾರ್ಖಾನೆಗೆ ವರ್ಷದ ಮೊದಲ ಚಹಾ ಎಲೆ ಬರುತ್ತದೆ. ರುಚಿ ನೋಡುವ ಕೋಣೆಯಲ್ಲಿ ನಾನಿಲ್ಲದಿದ್ದರೆ ನನ್ನ ಸಹಾಯಕ ಪೀಪಾಯಿ ಒಬ್ಬನೇ. ಅವನ ಹೊಟ್ಟೆ ದೊಡ್ಡದಾಗಿದೆಯೇ ಹೊರತು ನಾಲಿಗೆ ಇನ್ನೂ ಬೆಳೆದಿಲ್ಲ. ಇಪ್ಪತ್ತು ವರ್ಷ ನನ್ನ ಪಕ್ಕದಲ್ಲಿ ಚಮಚ ಹಿಡಿದು ನಿಂತರೂ ಒಗರು ಯಾವುದು, ಕಹಿ ಯಾವುದು ಎಂದು ನನ್ನ ಮುಖ ನೋಡಿಯೇ ಹೇಳುತ್ತಾನೆ.

ಹೇಳಬಲ್ಲ ನಾಲಿಗೆ ಇನ್ನೊಂದಿತ್ತು. ಚಿಕ್ಕಂದಿನಲ್ಲಿ ಸ್ಟೂಲಿನ ಮೇಲೆ ನಿಂತು, ಬಟ್ಟಲಿನ ಸಾಲಿನಲ್ಲಿ ಹಳೆಯ ಎಲೆಯನ್ನು ಮೂಗಿನಲ್ಲೇ ಹಿಡಿದು, "ಇದು ಸುಳ್ಳು ಟೀ" ಎನ್ನುತ್ತಿತ್ತು. ಈಗ ಅದು ಸ್ಟೀರಿಂಗ್ ಹಿಡಿದು, ಊರಿನವರನ್ನೆಲ್ಲ ಮಾರ್ಕೆಟ್ಟಿನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮಾರ್ಕೆಟ್ಟಿಗೆ ಸಾಗಿಸುತ್ತಿದೆ. ನಿನ್ನಿಷ್ಟ.

ಮನೆ ಹಾಗೆಯೇ ಇದೆ. ನನ್ನ ಮೂಗು ನಾಲಿಗೆ ಕೆಡಬಾರದೆಂದು ಪೌಡರಿಲ್ಲ, ಸೆಂಟಿಲ್ಲ, ವಾಸನೆ ಸೋಪಿಲ್ಲ. ನಾನು ಮನೆಯಲ್ಲಿ ಇವತ್ತಿಗೂ ಬಿಸಿನೀರು ಬಿಟ್ಟು ಬೇರೇನೂ ಕುಡಿಯುವುದಿಲ್ಲ. ನಾನು ಸಂಜೆ ತರುವ ಉಳಿಕೆ ಎಲೆಯನ್ನೆಲ್ಲ ನಿನ್ನಮ್ಮ ಇವತ್ತಿಗೂ ಆ ಒಂದೇ ತಗಡಿನ ಡಬ್ಬಿಗೆ ಸುರಿದು, ಬೆಟ್ಟದ್ದು ಬಯಲಿನದ್ದು ಒಂದೂ ನೋಡದೆ ಕುದಿಸಿ ಕುಡಿಯುತ್ತಾಳೆ. ಕಸದ ಡಬ್ಬಿ ಎಂದರೆ, "ಬಾಯಿಗೆ ಹಾಕಿದ್ದನ್ನೆಲ್ಲ ಉಗುಳೋ ಗಂಡಸು ನೀವು, ನಿಮಗ್ಯಾಕೆ ನನ್ನ ಟೀ ವಿಚಾರ" ಅನ್ನುತ್ತಾಳೆ. ಕಾಲಿನ ಹುಣ್ಣು ಮಾತ್ರ ಮಾಯುತ್ತಿಲ್ಲ. ಅವಳಿಗೂ ಅದಕ್ಕೆ ಮಾತ್ರೆ ನಡೆಯುತ್ತಿದೆ.

ಇಷ್ಟೇ.

ನಿನ್ನಪ್ಪ


ಫೆಬ್ರವರಿ ೧೭

ಅಪ್ಪ,

ಡಾಕ್ಟರ ಹತ್ತಿರ ಹೋಗಿ. ಹಲ್ಲಿಗೆ ತಿಂದ ಮಾತ್ರೆಯ ಚೀಟಿಯನ್ನೂ ತೆಗೆದುಕೊಂಡು ಹೋಗಿ, ಹೊಟ್ಟೆ ಕೆಟ್ಟಿದ್ದು ಆಮೇಲೆ ಎಂದು ಬಾಯಿಬಿಟ್ಟು ಹೇಳಿ. ನಮ್ಮ ಡಿಪೋದಲ್ಲಿ ಒಬ್ಬ ಕಂಡಕ್ಟರನಿಗೆ ಹೀಗೇ ಆಗಿತ್ತು. ಸ್ಟೂಲು ಹಾಕಿಕೊಂಡು ಕೂರುವ ಕಾಯಿಲೆ ಅಲ್ಲ ಅದು.

ಅಮ್ಮನ ಕಾಲು ಯಾಕೆ ಮಾಯುತ್ತಿಲ್ಲ?

ಮಗಳು


ಮಾರ್ಚ್ ೩

ಮಗಳೇ,

ಹೋದೆ. ನೀನು ಹೇಳಿದೆ ಎಂದಲ್ಲ, ರುಚಿ ಕೋಣೆಯಲ್ಲಿ ಟೀ ಉಗುಳುವ ಟ್ರಾಲಿಯ ಹಿಡಿಕೆ ಹಿಡಿದುಕೊಂಡೇ ತಲೆ ಸುತ್ತಿ ಬಿದ್ದೆ. ಪೀಪಾಯಿ ಹೊತ್ತುಕೊಂಡು ಹೋದ. ಅವನ ದೇಹ ಬೆಳೆಸಿದ್ದಕ್ಕೆ ಇದೊಂದು ಉಪಯೋಗವಾಯಿತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಮಲ ಪರೀಕ್ಷೆಗೆ ಕಳಿಸಿ, ಬಂದ ಮೇಲೆ ಕೂರಿಸಿ ಹೇಳಿದಳು. ಹೊಟ್ಟೆಯೊಳಗೆ ಒಳ್ಳೆಯ ಕ್ರಿಮಿಗಳು ಇರುತ್ತವಂತೆ. ಹಲ್ಲಿಗೆ ಕೊಟ್ಟ ಮಾತ್ರೆ ಕೀವಿನ ಜೊತೆಗೆ ಅವನ್ನೂ ಗುಡಿಸಿ ಹಾಕಿದೆ. ಖಾಲಿಯಾದ ಮನೆಗೆ ಒಂದು ಕೆಟ್ಟದ್ದು ನುಗ್ಗಿ, ಈಗ ಅದೇ ಯಜಮಾನ. ಕರುಳಿಗೆ ವಿಷ ಕಕ್ಕುತ್ತದೆ. "ಮಾತ್ರೆಯಿಂದ ಬಂದಿದ್ದಕ್ಕೆ ಮತ್ತೆ ಮಾತ್ರೇನಾ?" ಎಂದು ಕೇಳಿದೆ. "ಇದು ಬೇರೆ ಮಾತ್ರೆ, ಆ ಕ್ರಿಮಿಗೇ ಹೇಳಿ ಮಾಡಿಸಿದ್ದು. ಹೊಟ್ಟೆ ಸರಿಹೋಯ್ತು ಅಂತ ನಡುವೆ ನಿಲ್ಲಿಸಬೇಡಿ. ಪೂರ್ತಿ ಮುಗಿಸಬೇಕು" ಎಂದಳು. ಇನ್ನೊಂದು ಹೇಳಿದಳು. ಆ ಕ್ರಿಮಿ ಬೀಜ ಬಿಡುತ್ತದಂತೆ, ಕಣ್ಣಿಗೆ ಕಾಣುವುದಿಲ್ಲ, ಆಸ್ಪತ್ರೆಯಲ್ಲಿ ಕೈಗೆ ಸವರಿಕೊಳ್ಳುವ ಆ ತಣ್ಣನೆಯ ದ್ರವಕ್ಕೆ ಸಾಯುವುದಿಲ್ಲ. ಸೋಪು ಹಚ್ಚಿ ನೀರಿನಲ್ಲಿ ತೊಳೆಯಬೇಕು, ಕಕ್ಕಸಿಗೆ ಬ್ಲೀಚು ಹಾಕಬೇಕು. "ನನ್ನ ಮನೇಲಿ ಬ್ಲೀಚಿನ ವಾಸನೆ ಬಂದ್ರೆ ನನ್ನ ಕೆಲಸ ಹೋಗುತ್ತೆ ಕಣಮ್ಮ" ಅಂದೆ. "ಬರದಿದ್ರೆ ಬೇರೆ ಏನಾದ್ರೂ ಹೋಗುತ್ತೆ" ಅಂದಳು. ನನ್ನ ಹಾಗೇ ಬಾಯಿ.

ಹೊಟ್ಟೆ ಕಟ್ಟುತ್ತಿದೆ. ಆದರೆ ಮಾತ್ರೆ ನುಂಗಿದ ಗಳಿಗೆಯಿಂದ ಬಾಯಿಯಲ್ಲಿ ಕಬ್ಬಿಣ. ತುಕ್ಕು ಹಿಡಿದ ಬೀಗದ ಕೈಯನ್ನು ದವಡೆಯಲ್ಲಿ ಇಟ್ಟುಕೊಂಡ ಹಾಗೆ. ನೀರೂ ಕಬ್ಬಿಣ, ಬ್ರೆಡ್ಡೂ ಕಬ್ಬಿಣ. ನಿನ್ನೆ ರುಚಿ ಕೋಣೆಯಲ್ಲಿ ಬಟ್ಟಲುಗಳ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಚಮಚದಲ್ಲಿ ಹೀರಿದೆ, ಹೊರಳಿಸಿದೆ, ಉಗುಳಿದೆ. ಎಲ್ಲವೂ ಒಂದೇ. ಚಮಚವನ್ನೇ ನೆಕ್ಕಿದ್ದರೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಪೀಪಾಯಿ ನನ್ನ ಮುಖ ನೋಡುತ್ತಾ ನಿಂತಿದ್ದ. ನಾನು ಗೋಡೆ ನೋಡಿದೆ.

ಕಾರ್ಖಾನೆಯ ಯಜಮಾನರ ಮಗ ಹೋದ ಸಲ ಬಂದಾಗ, ರುಚಿ ಅಳೆಯುವ ಯಂತ್ರ ಬಂದಿದೆ, ಮುದುಕರ ನಾಲಿಗೆ ಎಷ್ಟು ದಿನ ನಂಬೋಣ ಎಂದು ಕಾಗದ ತೋರಿಸಿ ಹೋಗಿದ್ದಾನೆ. ವರ್ಷಪೂರ್ತಿ ಮಾರುವ ಮಿಶ್ರಣಕ್ಕೆ ಯಾವ ತೋಟದ ಎಲೆ ಕೊಳ್ಳಬೇಕು ಎಂದು ನಾನು ಈ ತಿಂಗಳೇ ಹೇಳಬೇಕು. ಹೇಳಲಾಗದಿದ್ದರೆ ಯಂತ್ರ ಬರುತ್ತದೆ.

ಈ ಲಕೋಟೆಯಲ್ಲಿ ಮೂರು ಪೊಟ್ಟಣ ಇವೆ. ಒಂದು, ಎರಡು, ಮೂರು ಎಂದು ಬರೆದಿದ್ದೇನೆ, ತೋಟದ ಹೆಸರಿಲ್ಲ. ಕುಡಿದು ನೋಡು. ನಾನು ಬೇಡುತ್ತಿದ್ದೇನೆ ಎಂದು ತಿಳಿಯಬೇಡ. ಮರೆತಿದ್ದೀಯೋ ನೆನಪಿದೆಯೋ ಎಂದು ಪರೀಕ್ಷೆ ಮಾಡುತ್ತಿದ್ದೇನೆ.

ನಿನ್ನಪ್ಪ


ಮಾರ್ಚ್ ೧೦

ಅಪ್ಪ,

ಪರೀಕ್ಷೆಯ ಉತ್ತರ.

ಡಿಪೋದ ಕ್ಯಾಂಟೀನಿನಲ್ಲಿ ನೀರು ಕುದಿಸಿಕೊಂಡೆ. ಮನೆ ಬಿಡುವಾಗ ರುಚಿ ಕೋಣೆಯಿಂದ ಒಂದು ಬಿಳಿ ಬಟ್ಟಲು ತಂದಿದ್ದೆ. ಅದಕ್ಕೆ ನೀವು ಪೀಪಾಯಿ ಮಾವನನ್ನು ಬೈದಿರುತ್ತೀರಿ. ಪಾಪ, ಅವರು ಒಡೆದಿರಲಿಲ್ಲ.

ಒಂದು: ಬಣ್ಣ ಇದೆ, ಮೈ ಇಲ್ಲ. ಹಾಲು ಬಿದ್ದರೆ ಸತ್ತು ಹೋಗುತ್ತದೆ.

ಎರಡು: ಒಗರು ಸ್ವಲ್ಪ ಮುಂದಿದೆ, ಆದರೆ ಸ್ವಚ್ಛ. ತಣ್ಣಗಾದ ಮೇಲೂ ಮಾತು ಬದಲಿಸುವುದಿಲ್ಲ. ತೆಗೆದುಕೊಳ್ಳಿ.

ಮೂರು: ಮೊದಲ ಗುಟುಕಿಗೆ ಎಲ್ಲಕ್ಕಿಂತ ಚೆನ್ನ. ಉಗುಳಿದ ಮೇಲೆ ನಾಲಿಗೆಯ ಬುಡದಲ್ಲಿ ಹೊಗೆ. ಎಲೆ ಒಣಗಿಸುವ ಒಲೆ ಎಲ್ಲೋ ಸೋರುತ್ತಿದೆ. ಬೇಡ.

ಪಕ್ಕದಲ್ಲಿ ಕೂತಿದ್ದ ಡ್ರೈವರು, "ಏನಕ್ಕಾ, ಟೀನ ಹಿಂಗೆ ಸೊರ್ ಸೊರ್ ಅಂತ ಹೀರಿ ಬಕೆಟ್ಟಿಗೆ ಉಗೀತೀಯ, ನಮ್ಮ ಕ್ಯಾಂಟೀನ್ ಟೀ ಅಷ್ಟು ಕೆಟ್ಟೋಯ್ತಾ" ಅಂದ. ನಗು ಬಂತು. ಆಮೇಲೆ ಯಾಕೋ ನಗು ಬರಲಿಲ್ಲ.

ಇದನ್ನು ನಿಮಗಾಗಿ ಮಾಡಲಿಲ್ಲ. ಅಮ್ಮ ಫೋನು ಮಾಡಿ ಕೇಳಿದಳು. "ನೀನು ಹೇಳಿದ್ರೆ ಅವರು ಮಾತ್ರೆ ನಿಲ್ಲಿಸದೇ ತಗೋತಾರೆ ಕಣೇ" ಅಂದಳು. ಈಗ ನಾನು ಹೇಳಿದ್ದೇನೆ. ಎಷ್ಟು ಪೊಟ್ಟಣ ಬೇಕಾದರೂ ಕಳಿಸಿ, ಎಲ್ಲವನ್ನೂ ನೋಡಿ ಬರೆಯುತ್ತೇನೆ. ನೀವು ಮಾತ್ರೆ ಮುಗಿಸಿ.

ಮಗಳು


ಮಾರ್ಚ್ ೨೪

ಮಗಳೇ,

ನಿನ್ನ ಕಾಗದ ಬಂದ ದಿನ ನನಗೆ ಊಟ ಸೇರಲಿಲ್ಲ. ಹೊಟ್ಟೆಯಿಂದಲ್ಲ, ನಿನ್ನ ಮೂರನೆಯ ಪೊಟ್ಟಣದಿಂದ.

ಅದು ಮೇಲಿನ ತೋಟದ ಎಲೆ. ನೀನು ಹುಟ್ಟುವ ಮೊದಲಿನಿಂದ ನಾನು ಅದನ್ನೇ ಕೊಳ್ಳುತ್ತಿದ್ದೇನೆ. ಅದರಲ್ಲಿ ಹೊಗೆ ಎಂದು ಬಸ್ಸಿನ ಡೀಸೆಲ್ ಹೊಗೆ ಕುಡಿಯುವವಳು ಬರೆದರೆ ನಾನು ನಂಬಬೇಕೇ? ನಂಬದೆ ಇರಲೂ ಆಗಲಿಲ್ಲ. ನೀನು ಬರೆದ ರೀತಿ ಹಾಗಿತ್ತು. ಎರಡು ದಿನ ಕೋಣೆಯಲ್ಲಿ ಸುಮ್ಮನೆ ಓಡಾಡಿದೆ. ಇನ್ನೊಬ್ಬರ ನಾಲಿಗೆಯ ಮಾತನ್ನು ನನ್ನದೆಂದು ಹೇಳಿ ಯಜಮಾನರ ಮುಂದೆ ನಿಲ್ಲುವುದು ನನ್ನಿಂದಾಗದು. ಒಂದೇ ಒಂದು ಸಲ ನಾನೇ ಬಾಯಿಗೆ ಹಾಕಿ ನೋಡಿದರೆ ಸಾಕಿತ್ತು.

ಮಾತ್ರೆ ನಿಲ್ಲಿಸಿದೆ. ಹೊಟ್ಟೆ ಹೇಗೂ ಕಟ್ಟಿತ್ತು, ಸ್ಟೂಲು ಒಳಗೆ ಹೋಗಿತ್ತು. ಕಬ್ಬಿಣ ಮೆಲ್ಲಮೆಲ್ಲನೆ ಇಳಿಯಿತು. ಒಂದು ಬೆಳಿಗ್ಗೆ ಎದ್ದು ನೀರು ಕುಡಿದರೆ ನೀರು ನೀರಾಗಿತ್ತು. ಹಾಗೇ ಕಾರ್ಖಾನೆಗೆ ಹೋದೆ. ಇನ್ನೂ ಯಾರೂ ಬಂದಿರಲಿಲ್ಲ. ಮೂರನೆಯದನ್ನು ಹಾಕಿ, ಎಲೆ ನೆನೆಯುವ ಹೊತ್ತಿನ ಗಂಟೆ ಹೊಡೆದ ಮೇಲೆ ಬಸಿದು, ಹೀರಿದೆ.

ಹೊಗೆ ಇತ್ತು. ನಾಲಿಗೆಯ ಬುಡದಲ್ಲಿ. ನೀನು ಹೇಳಿದ ಜಾಗದಲ್ಲೇ.

ಸರಿಯಾಗಿ ಹೇಳಿದ್ದೀಯ. ಬರೆದಿದ್ದೇನೆ, ಓದಿಕೋ, ಎರಡನೆಯ ಸಲ ಬರೆಯುವುದಿಲ್ಲ. ಯಜಮಾನರಿಗೆ ಎರಡನೆಯದನ್ನು ಹೇಳಿದೆ. ಯಂತ್ರದ ಮಾತು ನಿಂತಿದೆ.

ನಿನ್ನಮ್ಮ ಉಳಿದ ಮಾತ್ರೆಗಳನ್ನು ಮೇಜಿನ ಖಾನೆಯಲ್ಲಿ ನೋಡಿ ಮನೆ ತಲೆಕೆಳಗು ಮಾಡಿದಳು. "ಅವಳು ಹೇಳಿದ್ಲಲ್ಲ, ಆಯ್ತಲ್ಲ, ಮತ್ಯಾಕೆ ನಿಲ್ಲಿಸಿದ್ರಿ?" ಅಂತ. "ನಿಮಗೆ ಮಗಳ ಮೇಲೂ ನಂಬಿಕೆ ಇಲ್ಲ, ಡಾಕ್ಟರ ಮೇಲೂ ಇಲ್ಲ, ಆ ಚಮಚದ ಮೇಲೆ ಮಾತ್ರ" ಅಂದಳು. ಇಷ್ಟಕ್ಕೇ ನಿಲ್ಲಲಿಲ್ಲ. ಡಾಕ್ಟರಮ್ಮನ ಮಾತು ಹಿಡಿದುಕೊಂಡು ಅಂಗಡಿಯಿಂದ ಸೋಪು ತಂದಿದ್ದಳು. ನಾವು ತರುವ ವಾಸನೆಯಿಲ್ಲದ ಬೋಳು ಸೋಪಲ್ಲ, ಗುಲಾಬಿ ಸೋಪು! ಹಜಾರಕ್ಕೆಲ್ಲ ಮದುವೆ ಮನೆಯ ವಾಸನೆ. "ಬೋಳು ಸೋಪು ಮುಗಿದಿದೆ, ಅಂಗಡೀಲಿ ಇದೇ ಇದ್ದದ್ದು, ಕೈ ತೊಳೆಯೋಕೆ ಏನಾದ್ರೂ ಬೇಕಲ್ಲ" ಅಂದಳು. ಕಿಟಕಿಯಿಂದ ಹಿತ್ತಿಲಿಗೆ ಎಸೆದೆ. ಬೆಳಿಗ್ಗೆ ನೋಡಿದರೆ ಅಲ್ಲಿರಲಿಲ್ಲ. ನಾಯಿಯೋ ಇಲಿಯೋ ಎಳೆದುಕೊಂಡು ಹೋಗಿರಬೇಕು. ಹಾಳಾಗಿ ಹೋಗಲಿ. ನೀರು ಧಾರಾಳವಾಗಿದೆ, ನಾನು ಚೆನ್ನಾಗಿಯೇ ಕೈ ತೊಳೆಯುತ್ತೇನೆ.

ಬಟ್ಟಲಿನ ವಿಷಯ: ಪೀಪಾಯಿಗೆ ಒಂದು ವಾರ ಬೈದಿದ್ದೆ. ಇವತ್ತು ಹೇಳಿದೆ. "ಹೋಗ್ಲಿ ಬಿಡಿ, ಆ ವಾರ ನೀವು ಬೇರೆ ಏನಕ್ಕಾದ್ರೂ ಬೈತಿದ್ರಿ" ಅಂದ.

ನಿನ್ನಪ್ಪ


ಮಾರ್ಚ್ ೩೦

ಅಪ್ಪ,

ನಾನು ಸರಿಯಾಗಿ ಹೇಳಿದೆ ಎಂದು ನಿಮ್ಮ ಬಾಯಿಂದ ಕೇಳಲು ಹನ್ನೊಂದನೇ ವಯಸ್ಸಿನಿಂದ ಕಾದಿದ್ದೆ. ಈಗ ಓದಿ ಸಂತೋಷವಾಗಲಿಲ್ಲ.

ಇವತ್ತೇ ಹೋಗಿ, ನಡುವೆ ನಿಲ್ಲಿಸಿದೆ ಎಂದು ಡಾಕ್ಟರಿಗೆ ಹೇಳಿ.

ಮಗಳು


ಮೇ ೬

ಮಗಳೇ,

ಉತ್ತರ ಬರೆಯಲು ತಡವಾಯಿತು. ಮೊದಲ ಎಲೆಯ ಗಡಿಬಿಡಿ ಇತ್ತು ಎಂದು ಬರೆಯಬೇಕೆಂದಿದ್ದೆ. ಅದು ಸುಳ್ಳು.

ಏಪ್ರಿಲ್ ನಡುವಿಗೆ ಅದು ವಾಪಸ್ ಬಂತು. ಈ ಸಲ ಸ್ಟೂಲಿನಲ್ಲಿ ಕೂರಲೂ ತ್ರಾಣವಿರಲಿಲ್ಲ. ಜ್ವರ, ಹೊಟ್ಟೆಯಲ್ಲಿ ಯಾರೋ ಬಟ್ಟೆ ಹಿಂಡಿದ ಹಾಗೆ. ಹಾಸಿಗೆಯಲ್ಲೇ ಆಯಿತು, ಒಂದು ಸಲ ಅಲ್ಲ. ನಿನ್ನಮ್ಮ ಹಾಸಿಗೆ ಬಟ್ಟೆ ಬದಲಿಸಿದಳು, ತೊಳೆದಳು, ಒಣಗುವುದರೊಳಗೆ ಮತ್ತೆ ತೊಳೆದಳು. ಆ ಕಾಲು ಎಳೆದುಕೊಂಡು. "ನೀನು ಮುಟ್ಟಬೇಡ, ಯಾರನ್ನಾದರೂ ಕರೆಸೋಣ" ಎಂದೆ. "ಮೂವತ್ತೈದು ವರ್ಷ ನಿಮ್ಮ ಮಾತು ತೊಳೆದಿದ್ದೀನಿ, ಇದೇನು ಮಹಾ" ಎಂದಳು. ನಾನು ನಕ್ಕೆ. ನಗುವಾಗಲೂ ಹೊಟ್ಟೆ ನೋಯಿತು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಸರಿಮಾಡಿಕೊಳ್ಳಬಹುದಿತ್ತು. "ಎಷ್ಟು ಉಳಿಸಿದ್ರಿ?" ಎಂದು ಕೇಳಿ, ಖಾನೆಯಲ್ಲಿದ್ದುದನ್ನು ತರಿಸಿ ನೋಡಿ, ಅದನ್ನು ಪಕ್ಕಕ್ಕಿಟ್ಟು, ಹೊಸದಾಗಿ ಮೊದಲಿನಿಂದ ಬರೆದು ಕೊಟ್ಟಳು. ಮತ್ತೆ ಕಬ್ಬಿಣ. ಕೋಣೆಗೆ ಹೋಗುತ್ತಿಲ್ಲ.

ನಿನ್ನಮ್ಮನಿಗೂ ಹೊಟ್ಟೆ ಸ್ವಲ್ಪ ಸಡಿಲವಾಗಿದೆ. ಸ್ವಲ್ಪವೇ. ನನ್ನನ್ನು ನೋಡಿಕೊಂಡ ಆಯಾಸ ಇರಬೇಕು. ನೀನು ಬರುವುದೇನೂ ಬೇಡ. ಎರಡು ಬಸ್ಸು ಬದಲಿಸಿ, ರಾತ್ರಿಯೆಲ್ಲ ಕೂತು, ಇಲ್ಲಿ ಬಂದು ಮಾಡುವುದೇನಿದೆ. ಬಸ್ಸಿನವಳಿಗೆ ಬಸ್ಸಿನಲ್ಲಿ ಕೂರಲು ರಜೆ ಬೇಕೇ ಎಂದು ನಿನ್ನ ಮೇಲಿನವರು ಕೇಳುತ್ತಾರೆ.

ನಿನ್ನಪ್ಪ


ಮೇ ೧೧

ಅಪ್ಪ,

ನಿನ್ನೆ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದೆ. "ನಾನು ಚೆನ್ನಾಗಿದ್ದೀನಿ, ನಿನ್ನ ಅಪ್ಪಂದೇ ರಗಳೆ" ಅಂದಳು. ಆ ಒಂದು ಮಾತು ಮುಗಿಸಲು ನಡುವೆ ಎರಡು ಸಲ ಉಸಿರು ತೆಗೆದುಕೊಂಡಳು. ಸ್ವಲ್ಪ ಎಂದು ಬರೆದಿದ್ದೀರಿ. ಸ್ವಲ್ಪ ಅಂದರೆ ಎಷ್ಟು? ಅವಳೂ ಕಾಲಿಗೆ ಮಾತ್ರೆ ತಿನ್ನುತ್ತಿದ್ದಳಲ್ಲ, ಅವಳ ಹೊಟ್ಟೆಯೂ ಖಾಲಿ ಮನೆಯೇ ಅಲ್ಲವೇ?

ಈ ಕಾಗದ ತಲುಪುವುದರೊಳಗೆ ಕರೆದುಕೊಂಡು ಹೋಗಿರದಿದ್ದರೆ ಈಗ ಕರೆದುಕೊಂಡು ಹೋಗಿ. ಓದುತ್ತಾ ನಿಲ್ಲಬೇಡಿ. ರಜೆಗೆ ಬರೆದು ಕೊಟ್ಟಿದ್ದೇನೆ. ಬರುತ್ತಿದ್ದೇನೆ.

ಮಗಳು


ಜುಲೈ ೨

ಮಗಳೇ,

ನಿನ್ನಮ್ಮನ ಕಾರ್ಯ ಮುಗಿಸಿ ನೀನು ಹೋದ ಮೇಲೆ ಮೂರು ಕಾಗದ ಬರೆದು ಹರಿದೆ. ಇದು ಹೋಗಿ ತಲುಪಿದರೆ ತಲುಪಲಿ.

ಬಸ್ ನಿಲ್ದಾಣದಲ್ಲಿ ನೀನು ಹೇಳಿದ್ದು ಸರಿ. "ಹೊಗೆ ಇದೆ ಅಂತ ನಾನು ಹೇಳಿದ್ದೆ. ನಂಬೋದು ಒಂದೇ ನಿಮ್ಮ ಕೆಲಸ ಆಗಿತ್ತು." ಅಷ್ಟೇ ಹೇಳಿ ಹತ್ತಿದೆ, ಹಿಂದೆ ನೋಡಲಿಲ್ಲ. ನಾನೂ ಕೈ ಬೀಸಲಿಲ್ಲ. ಬೀಸಿದ್ದರೆ ನಿನಗೆ ಕೋಪ ಬರುತ್ತಿತ್ತು ಎಂದುಕೊಂಡೆ.

ನಿನಗೆ ಹೇಳದ ಒಂದೆರಡು ಮಾತು ಇವೆ. ನೀನು ಬರುವ ಮೊದಲಿನವು.

ಆಸ್ಪತ್ರೆಗೆ ಸೇರಿಸುವ ಮೊದಲು ಮನೆಯಲ್ಲಿ ನಿನ್ನಮ್ಮನಿಗೂ ನನ್ನ ಮಾತ್ರೆಯನ್ನೇ ಕೊಟ್ಟಿದ್ದರು. ಇಬ್ಬರೂ ಒಟ್ಟಿಗೆ ನುಂಗುತ್ತಿದ್ದೆವು, ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು, ಒಂದೇ ಜಗ್ಗಿನ ನೀರಿನಲ್ಲಿ. ನಾನು ಪ್ರತಿ ಸಲ ಮುಖ ಕಿವುಚಿ, "ಕಬ್ಬಿಣ, ಕಬ್ಬಿಣ" ಎಂದು ಬೊಬ್ಬೆ ಹೊಡೆಯುತ್ತಿದ್ದೆ. ಅವಳು ನುಂಗಿ, ಲೋಟ ತೊಳೆದು, ಬೋರಲು ಹಾಕಿ ಹೋಗುತ್ತಿದ್ದಳು. ಒಂದು ಸಂಜೆ ಅವಳು ಆ ತಗಡಿನ ಡಬ್ಬಿಯ ಚಹಾ ಮಾಡಿಕೊಂಡು, ಒಂದು ಗುಟುಕು ಕುಡಿದು, ಬಚ್ಚಲಿಗೆ ಸುರಿದದ್ದನ್ನು ನೋಡಿದೆ. "ಯಾಕೆ?" ಎಂದೆ. "ಏನಿಲ್ಲ, ಬೇಡ ಅನ್ನಿಸ್ತು" ಎಂದಳು. ಅವಳ ಬಾಯಿಯಲ್ಲೂ ಅದೇ ಕಬ್ಬಿಣ ಇತ್ತು ಎಂದು ನನಗೆ ಹೊಳೆದದ್ದು ಆಸ್ಪತ್ರೆಯ ಬೆಂಚಿನ ಮೇಲೆ, ಒಳಗೆ ಬಿಡುವುದಿಲ್ಲ ಎಂದು ಹೇಳಿದ ಮೇಲೆ. ಊರಿನ ಬಾಯಿಯ ರುಚಿಯನ್ನೆಲ್ಲ ಹೇಳುವವನು ನಾನು, ಅವಳ ಬಾಯಿ ಹೇಗಿದೆ ಎಂದು ಒಂದು ದಿನ ಕೇಳಲಿಲ್ಲ.

ಡಾಕ್ಟರಮ್ಮನನ್ನು ಮತ್ತೆ ಹೋಗಿ ಕೇಳಿದೆ. "ನನ್ನಿಂದ ಬಂತಾ? ನೇರವಾಗಿ ಹೇಳಿ, ನಾನು ಮುದುಕ, ನನಗೆ ಸಕ್ಕರೆ ಸುತ್ತಿ ಕೊಡಬೇಡಿ" ಅಂದೆ. ಅವಳು ಪೆನ್ನು ಕೆಳಗಿಟ್ಟಳು. "ನಿಮ್ಮಿಂದ ಬಂದಿರೋ ಸಾಧ್ಯತೆ ಜಾಸ್ತಿ. ಆದ್ರೆ ನೀವು ಪೂರ್ತಿ ತಗೊಂಡಿದ್ರೂ ಈ ಕಾಯಿಲೆ ಕೆಲವರಿಗೆ ವಾಪಸ್ ಬರುತ್ತೆ. ಅವರಿಗೆ ಕಾಲಿನ ಮಾತ್ರೆಯಿಂದಲೇ ಬಂದಿರಬಹುದು. ಖಂಡಿತ ಅಂತ ಯಾರೂ ಹೇಳಲಾರರು" ಎಂದಳು. ಸಮಾಧಾನಕ್ಕೆ ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ್ದು. ಆದರೆ ಮಗಳೇ, ಬಂದಿರಬಹುದು, ಬರದೇ ಇರಬಹುದು ಎಂಬ ಬಟ್ಟಲನ್ನು ನಾನು ಎಂದೂ ಪಾಸು ಮಾಡಿದವನಲ್ಲ. ಅನುಮಾನ ಬಂದರೆ ತಳ್ಳಿಹಾಕು ಎಂದೇ ನಿನಗೂ ಕಲಿಸಿದ್ದು.

ಯಜಮಾನರ ಹತ್ತಿರ ಹೋಗಿ, ಎರಡನೆಯದನ್ನು ಆರಿಸಿದ್ದು ನಾನಲ್ಲ, ನನ್ನ ಮಗಳು ಎಂದು ಹೇಳಿ ಕೋಣೆಯ ಬೀಗದ ಕೈ ಕೊಟ್ಟೆ. ಅವರು, "ಹಾಗಾದ್ರೆ ಮಗಳನ್ನೇ ಕಳಿಸಿ" ಎಂದರು. ಬಸ್ಸಿನ ಕೆಲಸ ಬಿಟ್ಟು ಬರುವುದಿಲ್ಲ ಅವಳು ಎಂದೆ. ಪೀಪಾಯಿ ಬಾಗಿಲವರೆಗೆ ಬಂದು, ಇನ್ನು ಯಾರ ಮುಖ ನೋಡಿ ಹೇಳಲಿ ಎಂದು ಅತ್ತ. ಗೋಡೆ ನೋಡು ಎಂದೆ.

ನನಗೆ ಮೂರನೆಯ ಸಲ ಬಂದಿದೆ. ಈಗ ಬೇರೆ ಔಷಧಿ. ನೀರಿನಲ್ಲಿ ಕದಡಿ ಕುಡಿಯುವುದು. ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ, ವಾರವಾರ ಇಳಿಸಿಕೊಂಡು ಹೋಗಬೇಕು, ಮಳೆಗಾಲ ಮುಗಿಯುತ್ತದೆ ಅದು ಮುಗಿಯುವಾಗ. ಇದು ಕಬ್ಬಿಣ ಅಲ್ಲ, ಕಹಿ. ಗಂಟಲಿನವರೆಗೂ ಕಹಿ. ಬಿಡುತ್ತಿಲ್ಲ. ಕುಡಿದಿರಾ ಎಂದು ಕೇಳುವವರಿಲ್ಲದೆಯೂ ಕುಡಿಯುತ್ತಿದ್ದೇನೆ.

ತಗಡಿನ ಡಬ್ಬಿ ಹಾಗೇ ಇದೆ. ತಳದಲ್ಲಿ ಸ್ವಲ್ಪ ಉಳಿದಿದೆ. ಮೊನ್ನೆ ಮುಚ್ಚಳ ತೆಗೆದು, ಇಷ್ಟು ವರ್ಷ ನಾನು ಮೂಸಿಯೂ ನೋಡದ ಅದನ್ನು ಮಾಡಿಕೊಳ್ಳೋಣವೆಂದು ನೀರಿಟ್ಟೆ. ಬಾಯಿಗೆ ಹಾಕಿದರೆ ಕಹಿ, ಬೇರೇನೂ ಇಲ್ಲ. ಔಷಧಿ ಮುಗಿಯುವ ಹೊತ್ತಿಗೆ ಎಲೆ ಹಳಸಿ ಮಣ್ಣಾಗಿರುತ್ತದೆ. ನಡುವೆ ಒಂದು ವಾರ ಬಿಟ್ಟರೆ ನಾಲಿಗೆ ಬರುತ್ತದೆ, ಗೊತ್ತು. ಬಿಡುವುದಿಲ್ಲ.

ಅದಕ್ಕೇ ಉಳಿದದ್ದನ್ನೆಲ್ಲ ಪೊಟ್ಟಣ ಕಟ್ಟಿ ಕಳಿಸಿದ್ದೇನೆ. ನಂಬರು ಹಾಕಿಲ್ಲ. ಆ ಬಿಳಿ ಬಟ್ಟಲಿನಲ್ಲಿ ಹಾಕಿ ನೋಡು. ಹೇಗಿತ್ತು ಎಂದು ಬರೆ. ನೀನು ಏನು ಬರೆದರೂ ಅದೇ ಸರಿ. ನಾನು ನೋಡಲು ಹೋಗುವುದಿಲ್ಲ.

ನಿನ್ನಪ್ಪ


ಜುಲೈ ೧೯

ಅಪ್ಪ,

ಪೊಟ್ಟಣ ಬಂದು ಒಂದು ವಾರ ಸೀಟಿನ ಹಿಂದಿನ ಚೀಲದಲ್ಲೇ ಇತ್ತು. ಒಡೆಯಲು ಮನಸ್ಸಾಗಲಿಲ್ಲ. ನಿಮ್ಮ ಮೇಲಿನ ಸಿಟ್ಟು ಹೋಗಿದೆ ಎಂದು ತಿಳಿಯಬೇಡಿ. ಹೋಗಿಲ್ಲ. ಹೋಗುವ ಹಾಗೂ ಕಾಣುವುದಿಲ್ಲ. ಆದರೆ ಕೇಳಿದ್ದೀರಿ, ಹೇಳುತ್ತೇನೆ.

ಇವತ್ತು ಕೊನೆಯ ಟ್ರಿಪ್ಪು ಮುಗಿಸಿ, ಕ್ಯಾಂಟೀನು ಖಾಲಿಯಾದ ಮೇಲೆ ನೀರು ಕುದಿಸಿದೆ. ನೀವು ಕಲಿಸಿದ ಹಾಗೆಯೇ ಮಾಡಿದೆ. ಗಂಟೆಗೆ ಬದಲು ಗೋಡೆ ಗಡಿಯಾರ.

ಎಲೆ: ಎಲ್ಲ ಗಾತ್ರದ್ದೂ ಇದೆ. ಪುಡಿ ಹೆಚ್ಚು. ಕೆಲವು ತೀರಾ ಹಳೆಯವು, ನಾನು ಮನೆಯಲ್ಲಿದ್ದಾಗಿನವೂ ಇರಬೇಕು. ಡಬ್ಬಿಯ ಮೂಲೆಗೆ ಅಂಟಿದ್ದವು.

ಬಣ್ಣ: ಮಬ್ಬು.

ಬಾಯಿಗೆ: ಮೊದಲು ಏನೂ ಇಲ್ಲ. ಯಾವ ತೋಟವನ್ನೂ ಬೇರೆ ಮಾಡಿ ಹೇಳಲಾಗುವುದಿಲ್ಲ. ನೀವು ಒಳ್ಳೆಯದೆಂದು ಆರಿಸಿದ್ದು, ಬೇಡವೆಂದು ತಳ್ಳಿಹಾಕಿದ್ದು, ಎರಡೂ ಒಂದೇ ಗುಟುಕಿನಲ್ಲಿ ಬರುತ್ತವೆ. ಮೇಲಿನ ತೋಟದ ಹೊಗೆಯೂ ಇದೆ. ಒಗರು ಇಲ್ಲವೇ ಇಲ್ಲ. ಇಷ್ಟು ಎಲೆ ಸೇರಿದರೂ ಯಾಕಿಲ್ಲವೋ ನನಗೆ ತಿಳಿಯಲಿಲ್ಲ. ನಿಮಗೆ ತಿಳಿಯುತ್ತಿತ್ತೇನೋ.

ಕೊನೆಗೆ, ಉಸಿರು ಬಿಡುವಾಗ, ಒಂದು ವಾಸನೆ. ಮೂರು ಸಲ ನೋಡಿದೆ. ತಪ್ಪಿಲ್ಲ. ಗುಲಾಬಿ ಸೋಪು.

ನಾಯಿ ಎಳೆದುಕೊಂಡು ಹೋಗಿರಲಿಲ್ಲ ಅಪ್ಪ. ನೀವು ಮನೆಯಲ್ಲಿ ಇಲ್ಲದಾಗ, ಮಲಗಿದ್ದಾಗ, ಅಮ್ಮ ಅದರಲ್ಲೇ ಕೈ ತೊಳೆಯುತ್ತಿದ್ದಳು. ತೊಳೆದ ಕೈಯಲ್ಲೇ ಡಬ್ಬಿ ತೆಗೆಯುತ್ತಿದ್ದಳು. ಚಹಾ ಎಲೆ ತಾಕಿದ ಯಾವ ವಾಸನೆಯನ್ನೂ ಹೀರದೆ ಬಿಡುವುದಿಲ್ಲ ಎಂದು ಹೇಳಿಕೊಟ್ಟವರು ನೀವೇ.

ನಿಮ್ಮ ಕೋಣೆಯಲ್ಲಾಗಿದ್ದರೆ ವಾಸನೆ ತಾಕಿದೆ ಎಂದು ಈ ಲಾಟನ್ನು ಆಗಲೇ ಹೊರಗೆ ಹಾಕಿಸುತ್ತಿದ್ದಿರಿ.

ಬಕೆಟ್ಟು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಉಗುಳಲಿಲ್ಲ. ಬಟ್ಟಲು ಪೂರ್ತಿ ಕುಡಿದೆ.

ಮಗಳು